ಕರಡಿಯ ಹೆಸರಿನಲ್ಲಿ ಒಂದು ಒಡಪು

ಮಾನ್ಯ ಅಧ್ಯಕ್ಷರಾದ ಬಿಂದುಮಾಧವರಾಯರೇ, ವೇದಿಕೆಯ ಮೇಲಿರುವ ಹಿರಿಯರೇ, ಈ ಸಂಜೆಯ ಭಾರವನ್ನೆಲ್ಲ ಹೊತ್ತಿರುವ ಕಾರ್ಯದರ್ಶಿ ಹರ್ಷದಾ ಅವರೇ, ಮುಂದಿನ ಸಾಲಿನಲ್ಲಿ ಕುಳಿತು ಗಡಿಯಾರ ನೋಡುತ್ತಿರುವ ಆತ್ಮೀಯರೇ, ಹಿಂದಿನ ಸಾಲಿನಲ್ಲಿ ಕುಳಿತು ಅಡುಗೆಮನೆಯ ಬಾಗಿಲು ನೋಡುತ್ತಿರುವ ಇನ್ನಷ್ಟು ಆತ್ಮೀಯರೇ, ಮತ್ತು ಎತ್ತಲೂ ನೋಡದೆ ಮೊಬೈಲನ್ನೇ ನೋಡುತ್ತಿರುವ ಉಳಿದೆಲ್ಲ ಸಭಿಕರೇ,

ನಮ್ಮ ಪುಣೆಯ ಮುಳಾ-ಮುಠಾ ಕನ್ನಡ ಬಳಗದ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ಪುಣೇರಿ ಪಗಡಿ ತೊಡಿಸಿದ್ದೀರಿ. ಶಾಲು ಸರಿಯಾಗಿದೆ. ಹಾರವೂ ಸರಿಯಾಗಿದೆ. ಪಗಡಿ ಮಾತ್ರ ಮೂಗಿನವರೆಗೆ ಇಳಿಯುತ್ತಿದೆ. ಇದು ಯಾರ ತಪ್ಪೂ ಅಲ್ಲ. ಅಂಗಡಿಯಲ್ಲಿ ಪಗಡಿಗಳು ದೊಡ್ಡವರ ಅಳತೆಗೆ ಸಿದ್ಧವಾಗಿರುತ್ತವೆ, ನಾನು ದೊಡ್ಡವನೆಂದು ನೀವು ನಂಬಿದ್ದೀರಿ. ನಲವತ್ತಾರು ವರ್ಷವಾದರೂ ತಲೆ ಬೆಳೆದಿಲ್ಲವೆಂದು ನನ್ನ ಹೆಂಡತಿ ಗೋದಾ ಮೊದಲಿನಿಂದಲೂ ಹೇಳುತ್ತಲೇ ಇದ್ದಾಳೆ. ಇವತ್ತು ಅವಳಿಗೆ ಸಾರ್ವಜನಿಕ ಸಾಕ್ಷಿ ಸಿಕ್ಕಿತು.

ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು 'ಮಕ್ಕಳ ಬರಹಗಾರ' ಎಂದು ಅಚ್ಚು ಹಾಕಿದ್ದೀರಿ. ವೇಷಭೂಷಣ ಸ್ಪರ್ಧೆಯ ನಂತರ, ಉಪಾಹಾರದ ಮೊದಲು, ಮಕ್ಕಳಿಗೆ ಅನುಕೂಲವಾಗಲಿ ಎಂದು ಸಮಯವನ್ನೂ ಕೊಟ್ಟಿದ್ದೀರಿ. ಈಗ ದಯವಿಟ್ಟು ಒಮ್ಮೆ ಸುತ್ತಲೂ ನೋಡಿ. ಮಕ್ಕಳೆಲ್ಲಿದ್ದಾರೆ? ಬಹುಮಾನ ಸಿಕ್ಕ ಕೂಡಲೇ ಎಲ್ಲರೂ ಐಸ್‌ಕ್ರೀಮಿಗೆ ಓಡಿದ್ದಾರೆ. ಮಕ್ಕಳ ಬರಹಗಾರನ ಮಾತು ಕೇಳಲು ನೂರಾ ಎಂಬತ್ತು ದೊಡ್ಡವರು ಕುಳಿತಿದ್ದೀರಿ. ಒಬ್ಬರೂ ಎದ್ದಿಲ್ಲ.

ಅಲ್ಲ, ಒಬ್ಬರು ಎದ್ದರು. ನನ್ನ ಮಾತೆಲ್ಲ ಅವರ ಬಗ್ಗೆಯೇ ಇರುವುದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹರ್ಷದಾ ಅವರು ನನ್ನ ಪರಿಚಯ ಓದುತ್ತ, 'ದರ್ಜಿ ಜಾಂಬಣ್ಣ ಕಾರ್ಟೂನಿಗೆ ಆರು ವರ್ಷಗಳಿಂದ ಕನ್ನಡದ ಮಾತು ಬರೆಯುತ್ತಿರುವವರು ನಮ್ಮ ರಘುರಾಮ' ಎಂದಾಗ ಹಿಂದಿನ ಸಾಲಿನಲ್ಲಿ ಹಸಿರು ಸೀರೆಯ ಒಬ್ಬರು ಎದ್ದು ನಿಂತರು. ಅವರು ಹೊರಟರೋ ಮತ್ತೆ ಕುಳಿತರೋ ನೋಡಬೇಕೆನ್ನುವಷ್ಟರಲ್ಲಿ ಪಗಡಿ ಕಣ್ಣ ಮೇಲೆ ಬಿತ್ತು. ಅದನ್ನು ಸರಿಸಿದರೆ ವಿಡಿಯೋದವರು ದೀಪವನ್ನು ನೇರ ನನ್ನ ಮುಖಕ್ಕೇ ಬಿಟ್ಟಿದ್ದಾರೆ. ಹಾಗಾಗಿ ಅವರು ಈ ಸಭೆಯಲ್ಲಿ ಇದ್ದಾರೋ ಇಲ್ಲವೋ ತಿಳಿಯದೆಯೇ ಮಾತಾಡುತ್ತಿದ್ದೇನೆ. ಈ ಶಾಲು ನನ್ನ ಹೆಗಲ ಮೇಲೆ ಉಳಿಯಬೇಕೋ ಬೇಡವೋ ಎಂಬುದನ್ನು ಅವರು ಹೇಳಬೇಕು. ನೀವಲ್ಲ, ಅಧ್ಯಕ್ಷರೂ ಅಲ್ಲ.

ಅವರ ಹೆಸರು ಶರಣಮ್ಮ. ಯಾದಗಿರಿ ಕಡೆಯವರು. ಇಲ್ಲಿನ ಖರಾಡಿಯಲ್ಲಿ ಗಾಜಿನ ಕಟ್ಟಡಗಳು ಏಳುವ ಕಾಲದಲ್ಲಿ ಗಂಡ ತಾಯಪ್ಪನವರ ಜೊತೆ ಬಂದು ಇಟ್ಟಿಗೆ ಹೊತ್ತವರು. ತಾಯಪ್ಪನವರು ತೀರಿ ಹನ್ನೊಂದು ವರ್ಷವಾಯಿತು. ಈಗ ರೊಟ್ಟಿ ಬಡಿದು ಮಾರುತ್ತಾರೆ. ನಮ್ಮ ಬಳಗದ ಪ್ರತಿ ಊಟದಲ್ಲೂ ನೀವು ಎರಡು ಸಾಕು ಎಂದು ನಾಲ್ಕು ಹಾಕಿಸಿಕೊಳ್ಳುವ ಜೋಳದ ರೊಟ್ಟಿ ಅವರದೇ. ಯುಗಾದಿಯ ಊಟ ನೆನಪಿದೆಯೇ? ರೊಟ್ಟಿ ಬಂತು, ರೊಟ್ಟಿಯವರು ಬರಲಿಲ್ಲ. ಶ್ರಾವಣದ ಊಟಕ್ಕೂ ಹಾಗೆಯೇ. ಯಾಕೆ ಬರಲಿಲ್ಲವೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಾನು ಕೇಳಲಿಲ್ಲ, ಏಕೆಂದರೆ ನನಗೆ ಗೊತ್ತಿತ್ತು.

ಅದನ್ನು ಹೇಳುವ ಮೊದಲು ಕಾರ್ಟೂನಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ನೋಡದವರು ಇಲ್ಲಿ ಇದ್ದಾರೆಂದು ಮರ್ಯಾದೆಗೆ ಭಾವಿಸುತ್ತೇನೆ.

ಜಾಂಬಣ್ಣ ಒಂದು ಕರಡಿ. ಕಾಡಿನ ಪ್ರಾಣಿಗಳಿಗೆಲ್ಲ ಅವನೇ ದರ್ಜಿ. ಅವನ ಹತ್ತಿರ ಟೇಪು ಇಲ್ಲ. ತನ್ನ ತೋಳಿನಿಂದಲೇ ಎಲ್ಲರನ್ನೂ ಅಳೆಯುತ್ತಾನೆ. ಕರಡಿಯ ತೋಳಿನಿಂದ ಮೊಲವನ್ನು ಅಳೆದರೆ ಏನಾಗುತ್ತದೆ? ಮೊಲದ ಅಂಗಿಯಲ್ಲಿ ಮೊಲದ ಸಂಸಾರವೇ ಹಿಡಿಸುತ್ತದೆ. ಆನೆಯ ಅಂಗಿಗೆ ಆನೆಯ ಕಿವಿಯೂ ಹಿಡಿಸುವುದಿಲ್ಲ. ಆಮೇಲೆ ಅಲ್ಲಿ ಕತ್ತರಿಸಿ, ಇಲ್ಲಿ ಜೋಡಿಸಿ, ತೇಪೆ ಹಾಕಿ ಕೊಡುತ್ತಾನೆ. ಕೊನೆಯಲ್ಲಿ ಗಿರಾಕಿ ಕನ್ನಡಿಯ ಮುಂದೆ ನಿಲ್ಲುತ್ತದೆ. ಎರಡೂ ಕೈ ಚಾಚಿದರೆ ಅಳತೆ ಸರಿ ಎಂದು ಅರ್ಥ. ಒಂದೇ ಕೈ ಚಾಚಿದರೆ ಅರ್ಧ ಮಾತ್ರ ಸರಿ, ಬಿಚ್ಚಿ ಮತ್ತೆ ಹೊಲಿ ಎಂದು ಅರ್ಥ. ಕೈ ಚಾಚದೆ ನಡೆದುಬಿಟ್ಟರೆ ಜಾಂಬಣ್ಣ ಅವತ್ತು ಊಟ ಮಾಡುವುದಿಲ್ಲ. ಇಷ್ಟೇ ಕಥೆ. ನೂರು ಕಂತು ನಡೆದಿದೆ.

ಇದನ್ನು ನೋಡುವವರು ಯಾರು? ಎಲ್ಲರನ್ನೂ ಕೇಳಿದ್ದೇನೆ. ಯಾರೂ ನೋಡುವುದಿಲ್ಲ! ಎಲ್ಲರೂ ಮಕ್ಕಳ ಸಲುವಾಗಿ ಹಚ್ಚಿರುತ್ತಾರೆ. ನಮ್ಮ ಅಧ್ಯಕ್ಷರ ಮನೆಗೆ ಒಂದು ಭಾನುವಾರ ಬಳಗದ ವಾರ್ಷಿಕ ವರ್ಗಣಿಯ ರಸೀದಿ ತರಲು ಹೋಗಿದ್ದೆ. ಒಳಗೆ ಜಾಂಬಣ್ಣ ಜೋರಾಗಿ ಹಾಡುತ್ತಿದ್ದ. ರಾಯರು ಬಾಗಿಲಿಗೆ ಬಂದು, "ಮೊಮ್ಮಗನ ಸಲುವಾಗಿ ಹಚ್ಚೇನ್ರಿ, ಭಾಳ ಹಟಾ ಮಾಡ್ತದ" ಎಂದರು. ನಾನು, "ಹೌದ್ರಿ, ಹುಡುಗರಽ ಹಂಗ" ಎಂದೆ. ಒಳಗಿನಿಂದ ಅವರ ಮನೆಯವರು ಕೂಗಿದರು: "ಅಂವಾ ಇಂದಾಪುರಕ್ಕ ಹೋಗಿ ಎಂಟ ದಿನಾ ಆತಲ್ರಿ!"

ರಾಯರೇ, ತಾವು ನಗುತ್ತಿದ್ದೀರಿ, ಧೈರ್ಯವಾಯಿತು. ನನ್ನ ಕಥೆ ನಿಮ್ಮದಕ್ಕಿಂತ ಮೇಲೇನಲ್ಲ. ಮಗಳು ಯಶ್ಮಿತಾ ಹನ್ನೆರಡನೆಯ ತರಗತಿಗೆ ಬಂದರೂ ನಾನು ಅವಳ ಹೆಸರು ಹೇಳಿಕೊಂಡೇ ನೋಡುತ್ತಿದ್ದೆ. ಒಂದು ದಿನ ಮೇಲಿನ ಮನೆಯವರು ಬಂದಾಗ, "ಮಗಳು ನೋಡಾಕತ್ಯಾಳ್ರಿ" ಎಂದೆ. ಅವರು ಲಿಫ್ಟಿನಲ್ಲಿ ಅವಳ ಜೊತೆಯೇ ಬಂದಿದ್ದರು.

ಈ ನಾಚಿಕೆ ಇವತ್ತಿನದಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಧಾರವಾಡದಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಇಲ್ಲೇ ಹತ್ತಿರದ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯ ಸ್ಟೋರಿಗೆ ಸೇರಿದೆ. ಒಂದು ಕೋಣೆ, ಆರು ಜನ, ಐದು ಭಾಷೆ, ಒಂದು ಟಿವಿ. ಒಬ್ಬನಿಗೆ ಬೇಕಾದ ಸಿನಿಮಾ ಇನ್ನೊಬ್ಬನಿಗೆ ತಿಳಿಯದು, ಮತ್ತೊಬ್ಬನಿಗೆ ಬೇಕಾದ ವಾರ್ತೆ ಯಾರಿಗೂ ಬೇಡ. ಜಗಳವಿಲ್ಲದೆ ನೋಡಲು ಸಾಧ್ಯವಾಗುತ್ತಿದ್ದದ್ದು ಕಾರ್ಟೂನ್ ಒಂದೇ. ಬಿದ್ದವನು ಬಿದ್ದ, ಎದ್ದವನು ಎದ್ದ, ಅದಕ್ಕೆ ಭಾಷೆ ಯಾಕೆ? ಮೊದಲ ಪಾಳಿ ಮುಗಿಸಿ ನಾಲ್ಕು ಗಂಟೆಗೆ ಬಂದು, ಬಾಗಿಲಿಗೆ ಅಗಳಿ ಹಾಕಿ, ಕಿಟಕಿಗೆ ಲುಂಗಿ ಕಟ್ಟಿ ನೋಡುತ್ತಿದ್ದೆವು. ಆರು ಗಂಡಸರು ಹಗಲಲ್ಲಿ ಬಾಗಿಲು ಹಾಕಿಕೊಂಡು ಟಿವಿ ನೋಡಿದರೆ ಸೂಪರ್‌ವೈಸರಿಗೆ ಏನು ಅನುಮಾನ ಬರಬೇಕೋ ಅದೇ ಬಂತು. ಒಂದು ದಿನ ಬಾಗಿಲು ಬಡಿದು ನುಗ್ಗಿದರು. ಪರದೆಯ ಮೇಲೆ ಒಂದು ಬಾತುಕೋಳಿ ಸಾಬೂನಿನ ಮೇಲೆ ಜಾರುತ್ತಿತ್ತು. ಅವರು ಹುಡುಕಿಕೊಂಡು ಬಂದದ್ದೇ ಸಿಕ್ಕಿದ್ದರೂ ಅಷ್ಟು ಬೇಸರಪಡುತ್ತಿರಲಿಲ್ಲವೇನೋ. "ಅರೇ, ಲಹಾನ್ ಆಹಾತ್ ಕಾ ತುಮ್ಹೀ?" ಎಂದರು. ಸಣ್ಣವರೇನ್ರೋ ನೀವು, ಎಂದು. ಬೈಗುಳವಾಗಿದ್ದರೆ ಮರೆಯುತ್ತಿದ್ದೆವು. ಅದು ಮರುಕವಾಗಿತ್ತು. ಮರುದಿನದಿಂದ ಆ ಕೋಣೆಯಲ್ಲಿ ಯಾರೂ ಕಾರ್ಟೂನ್ ಹಚ್ಚಲಿಲ್ಲ. ಜಗಳಗಳು ಮತ್ತೆ ಶುರುವಾದವು. ಎರಡು ತಿಂಗಳಲ್ಲಿ ಕೋಣೆಯೇ ಒಡೆಯಿತು.

ಆ ದಿನಗಳಲ್ಲಿ ನಾನು ಕವಿತೆ ಬರೆಯುತ್ತಿದ್ದೆ. ಎಲ್ಲವೂ ಪ್ರಾಸದಲ್ಲಿ. ಒಬ್ಬ ಸಂಪಾದಕರು ಹನ್ನೊಂದು ಕವಿತೆಗಳನ್ನೂ ಹಿಂದಿರುಗಿಸಿ, 'ಪ್ರಾಸದ ಚಟ ಬಿಟ್ಟರೆ ಬೆಳೆಯುತ್ತೀರಿ' ಎಂದು ಬರೆದರು. ನೋಡಿ, ಅಲ್ಲಿಯೂ ಅದೇ ಮಾತು: ಬೆಳೆ. ನಾನು ಚಟ ಬಿಡಲಿಲ್ಲ, ಕವಿತೆ ಬಿಟ್ಟೆ. ಆರು ವರ್ಷದ ಹಿಂದೆ ಕರ್ವೆ ರಸ್ತೆಯ ಹತ್ತಿರದ ಒಂದು ಸ್ಟುಡಿಯೋದವರು ಹಿಂದಿಯ ಕರಡಿಗೆ ಕನ್ನಡದ ಮಾತು ಕೊಡುವವರನ್ನು ಹುಡುಕುತ್ತಿದ್ದರು. ಕರಡಿ ಪ್ರಾಸದಲ್ಲಿ ಮಾತಾಡಬೇಕು ಎಂದರು. ಇಡೀ ಪುಣೆಯಲ್ಲಿ ನನ್ನ ಪ್ರಾಸ ಬೇಕಾದದ್ದು ಆ ಕರಡಿಗೆ ಮಾತ್ರ. ಒಪ್ಪಿದೆ. ಆದರೆ ಹೆಸರು ಹಾಕಬೇಡಿ ಎಂದೆ. ಮನೆಯ ಹೊರಗೆ, 'ಶನಿವಾರ ಯಂತ್ರಗಳ ಕೈಪಿಡಿ ಅನುವಾದ ಮಾಡುತ್ತೇನೆ' ಎಂದು ಹೇಳಿದೆ. ನಮ್ಮ ಪೈಕಿ ಒಬ್ಬರಂತೂ ತಮ್ಮ ನೀರಿನ ಪಂಪು ಕೆಟ್ಟಾಗ ನನ್ನನ್ನೇ ಕರೆದಿದ್ದರು.

ಈಗ ಶರಣಮ್ಮನವರ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬಂದದ್ದು ಯಾಕೆಂದು ನಿಮಗೂ ತಿಳಿದಿರಬಹುದು.

ಕಳೆದ ಸಂಕ್ರಮಣದ ಅರಿಶಿನ-ಕುಂಕುಮ ಇದೇ ಸಭಾಂಗಣದಲ್ಲಿ ನಡೆಯಿತು. ನಮ್ಮಲ್ಲಿ ಆ ದಿನ ಮೈಕು ಒಬ್ಬರಿಂದೊಬ್ಬರಿಗೆ ಹೋಗುತ್ತದೆ, ಪ್ರತಿಯೊಬ್ಬ ಹೆಣ್ಣುಮಗಳೂ ಗಂಡನ ಹೆಸರು ಸೇರಿಸಿ ಒಂದು ಒಡಪು ಹೇಳುತ್ತಾಳೆ. ಬೆಂಗಳೂರು ಕಡೆಯಿಂದ ಹೊಸದಾಗಿ ಬಂದವರಿಗೆ ಹೇಳುತ್ತೇನೆ: ನೇರವಾಗಿ ಹೇಳಲು ನಾಚಿಕೆಯಾಗುವ ಹೆಸರನ್ನು ಪ್ರಾಸದ ಸೆರಗಿನಲ್ಲಿ ಮುಚ್ಚಿ ಹೇಳುವುದೇ ಒಡಪು. ನಿರೂಪಣೆ ನನ್ನದು. ಪ್ರಾಸದ ಕೆಲಸ ಎಲ್ಲಿದ್ದರೂ ನೀವು ನನ್ನನ್ನೇ ನಿಲ್ಲಿಸುತ್ತೀರಿ.

ಗಂಡನನ್ನು ಕಳೆದುಕೊಂಡವರ ಹತ್ತಿರ ಆ ಮೈಕು ನಿಲ್ಲುವುದಿಲ್ಲ. ನಮ್ಮ ನಿಯಮಾವಳಿಯಲ್ಲಿ ಹೀಗೆಂದು ಎಲ್ಲಿಯೂ ಇಲ್ಲ. ಮೈಕು ಹಿಡಿದ ಕೈಗೆ ಅದು ತಾನಾಗಿ ಗೊತ್ತು. ಹತ್ತು ವರ್ಷ ಶರಣಮ್ಮನವರ ಮುಂದೆ ಅದು ಹಾಗೆಯೇ ದಾಟಿ ಹೋಗಿತ್ತು. ಈ ಸಲ ಹರ್ಷದಾ ಎಂಟು ದಿನ ಮೊದಲೇ ಎಲ್ಲರಿಗೂ, "ಯಾರನ್ನೂ ಬಿಡಂಗಿಲ್ಲ, ಯಾರ ಹೆಸರರೆ ಹೇಳ್ರಿ, ದೇವರ ಹೆಸರರೆ ಹೇಳ್ರಿ" ಎಂದು ಹೇಳಿದ್ದರು. ಮೈಕು ಶರಣಮ್ಮನವರ ಕೈಗೆ ಬಂತು. ಅವರು ಸೆರಗು ಸರಿ ಮಾಡಿಕೊಂಡು ಹೇಳಿದರು:

"ಕತ್ತರಿ ಓರೆ, ಹೊಲಗಿ ಸೊಟ್ಟ, ಬಂದವರಿಗಿ ಇಲ್ಲ ಅನ್ನಲ್ಲ;
ಜಾಂಬಣ್ಣ ಹೊಲದ ಅಂಗಿ ಮೈಗಿ ಬಿಗಿ, ಮನಸಿಗಿ ಬಿಗಿ ಅಲ್ಲ."

ಸಭಿಕರೇ, ಆರು ವರ್ಷ ನಾನು ಆ ಕರಡಿಯ ಬಗ್ಗೆ ಬರೆದಿದ್ದೇನೆ. ಇಷ್ಟು ಒಳ್ಳೆಯ ಎರಡು ಸಾಲು ನನಗೆ ಒಮ್ಮೆಯೂ ಬಂದಿರಲಿಲ್ಲ. ನನ್ನ ಕೆಲಸವನ್ನು ಒಬ್ಬರು ಇಷ್ಟು ಹತ್ತಿರದಿಂದ ನೋಡಿದ್ದಾರೆ ಎಂದು ಕುಣಿದಾಡಬೇಕಿತ್ತು. ಆದರೆ ಸಭೆಯಲ್ಲಿ ಆಗಲೇ ಕಿಸಿಕಿಸಿ ಶುರುವಾಗಿತ್ತು. ಒಬ್ಬರು, "ಜಾಂಬಣ್ಣ ಅಂದ್ರ ಯಾರ್ರಿ?" ಎಂದು ನನ್ನನ್ನೇ ನೋಡಿದರು. ಗೊತ್ತು ಎಂದರೆ ಹೇಗೆ ಗೊತ್ತು ಎಂದು ಕೇಳುತ್ತಾರೆ! ನಿರೂಪಕನ ಮೈಕು ನನ್ನ ಕೈಯಲ್ಲಿತ್ತು, ಪ್ರಾಸ ನಾಲಿಗೆಯ ಮೇಲಿತ್ತು. ಹೇಳಿಬಿಟ್ಟೆ:

"ಕಾರ್ಟೂನ್ ಕರಡಿಗೆ ಮನಸು ಕೊಟ್ಟಾರ ನಮ್ಮ ಅಕ್ಕಾ,
ಇನ್ನ ತೊಟ್ಟಿಲದಾಗ ಹಾಕಿ ತೂಗೂದು ಪಕ್ಕಾ!"

ಬಿದ್ದು ಬಿದ್ದು ನಕ್ಕಿರಿ. ನಿಮ್ಮ ತಪ್ಪಲ್ಲ, ಪ್ರಾಸ ಸರಿಯಾಗಿ ಕೂತಿತ್ತು. ಅವರೂ ನಕ್ಕರು. ಮೈಕನ್ನು ಎರಡೂ ಕೈಯಿಂದ ಪಕ್ಕದವರಿಗೆ ಕೊಟ್ಟು, ಬುಟ್ಟಿ ಎತ್ತಿಕೊಂಡು ಹೋದರು. ಆಮೇಲೆ ಬರಲಿಲ್ಲ.

ಚಾಕಣದ ಆ ಸೂಪರ್‌ವೈಸರ್ ನೆನಪಿದ್ದಾರಲ್ಲವೇ? ಇಪ್ಪತ್ತೆರಡು ವರ್ಷದ ನಂತರ ಅವರ ಮಾತನ್ನೇ ನಾನು ಪ್ರಾಸ ಹಾಕಿ ಹೇಳಿದ್ದೆ. ಅವರಿಗಾದರೂ ಕಾರ್ಟೂನ್ ಬರೆದು ಗೊತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಶರಣಮ್ಮನವರ ಮನೆಗೆ ಹೋದೆ. ಕ್ಷಮೆ ಕೇಳಬೇಕೆಂದು ಹೊರಟವನು ದಾರಿಯಲ್ಲಿ ಧೈರ್ಯ ಕಳೆದುಕೊಂಡು, ಐವತ್ತು ರೊಟ್ಟಿ ಬೇಕೆಂದು ಕೇಳುವುದಾಗಿ ನಿರ್ಧರಿಸಿದೆ. ಖರಾಡಿಯ ಕಟ್ಟಡಗಳ ಹಿಂದೆ ತಗಡಿನ ಒಂದು ಕೋಣೆ. ಭಾನುವಾರ, ಬೆಳಗಿನ ಹತ್ತು ಗಂಟೆ. ಒಳಗೆ ಜಾಂಬಣ್ಣ.

"ಬರ್ರಿ ಅಣ್ಣಾರ, ಕೂಡ್ರಿ" ಎಂದರು. "ಹತ್ತ ನಿಮಿಷ ಮಾತ ಬ್ಯಾಡ. ಮುಗೀಲಿ."

ಯಾವ ಮೊಮ್ಮಗನ ಹೆಸರೂ ಹೇಳಲಿಲ್ಲ. ಟಿವಿ ಆಫ್ ಮಾಡಲಿಲ್ಲ. ನನ್ನ ಮುಂದೆ ಒಂದು ತಂಬಿಗೆ ನೀರಿಟ್ಟು ತಿರುಗಿ ಕುಳಿತರು. ಅವರ ಟಿವಿಯಲ್ಲಿ ಬಣ್ಣ ಕೆಟ್ಟಿದೆ, ಜಾಂಬಣ್ಣ ಬದನೆಕಾಯಿಯಂತೆ ಕಾಣುತ್ತಾನೆ. ಆರು ವರ್ಷದಲ್ಲಿ ಮೊದಲ ಸಲ ನಾನು ನನ್ನ ಕರಡಿಯನ್ನು ಇನ್ನೊಬ್ಬ ದೊಡ್ಡವರ ಪಕ್ಕದಲ್ಲಿ ಕುಳಿತು ನೋಡಿದೆ. ನನ್ನ ಪ್ರಾಸಗಳು ಬಂದಾಗ ಅವರು ನಗಲಿಲ್ಲ. ಜಾಂಬಣ್ಣ ಊರೆಲ್ಲ ಹುಡುಕಿದ ಸೂಜಿ ಅವನ ಕಿವಿಯ ಕೂದಲಲ್ಲೇ ಸಿಕ್ಕಾಗ ನಕ್ಕರು. ಅಲ್ಲಿ ನಾನು ಒಂದು ಮಾತೂ ಬರೆದಿರಲಿಲ್ಲ.

ಅದು ಮುಳ್ಳವ್ವನ ಕಂತು, ಮರುಪ್ರಸಾರ. ಮುಳ್ಳವ್ವ ಒಂದು ಮುಳ್ಳುಹಂದಿ. ಯಾವ ಅಂಗಿ ಹಾಕಿದರೂ ಅವಳ ಮುಳ್ಳಿಗೆ ಹರಿಯುತ್ತದೆ. ಮೂರನೆಯ ಸಲ ಅವಳು ಬಂದಾಗ ಹಿಂದಿಯ ಕರಡಿ, 'ಬಾ, ಮತ್ತೆ ನೋಡೋಣ' ಎನ್ನುತ್ತದೆ. ಕನ್ನಡದ ಕರಡಿ ಹಾಗೆನ್ನುವುದಿಲ್ಲ. ಆ ಜಾಗಕ್ಕೆ ನಾನು ಮುಳ್ಳವ್ವನ ಮುಪ್ಪನ್ನು ಗೇಲಿ ಮಾಡುವ ಒಂದು ಪ್ರಾಸ ಹಾಕಿದ್ದೆ. ಆ ಜಾಗ ಬರುವ ಮೊದಲೇ ಶರಣಮ್ಮನವರು ರಿಮೋಟ್ ತೆಗೆದುಕೊಂಡು ಧ್ವನಿ ಬಂದ್ ಮಾಡಿದರು. ಕರಡಿಯ ಬಾಯಿ ಸುಮ್ಮನೆ ತೆರೆದು ಮುಚ್ಚಿತು. ಮತ್ತೆ ಧ್ವನಿ ಕೊಟ್ಟರು.

"ಯಾಕ್ರಿ ಅಕ್ಕಾರ?" ಎಂದೆ.

"ಇಲ್ಲಿ ಅಂವಾ ಕೆಟ್ಟ ಮಾತಾಡ್ತಾನ್ರಿ. ಮೊದಲ ಹಂಗ ಇದ್ದಿಲ್ಲ ಅಂವಾ. ಸಂಕ್ರಮಣ ಆದಮ್ಯಾಗ ಅವನ ಮಾತೇ ಬ್ಯಾರೆ ಆಗ್ಯದ. ಬರದ ಕೊಡಾಂವ ಯಾರೋ ಏನೋ, ಅವಂಗ ಏನೋ ಆಗ್ಯದ ನೋಡ್ರಿ. ಪಾಪ."

ಪಾಪ ಎಂದರು, ಸಭಿಕರೇ. ನನಗೆ!

ಸಂಕ್ರಮಣದ ನಂತರದ ನನ್ನ ಕಡತಗಳನ್ನು ಮನೆಗೆ ಬಂದು ತೆಗೆದು ನೋಡಿದೆ. ಹೌದು. ಹದಿನಾಲ್ಕು ಕಂತುಗಳಲ್ಲಿ ಕರಡಿ ಯಾರನ್ನಾದರೂ ಚುಚ್ಚುತ್ತಲೇ ಇದೆ. ನನ್ನ ಮೇಲಿನ ಸಿಟ್ಟನ್ನು ಅದರ ಬಾಯಿಗೆ ತುರುಕಿದ್ದೆ. ಸ್ಟುಡಿಯೋದವರಿಗೆ ಗೊತ್ತಾಗಲಿಲ್ಲ. ಮಕ್ಕಳಿಗೆ ಗೊತ್ತಾಗಲಿಲ್ಲ. ಗೋದಾಗೆ ಗೊತ್ತಾಗಿತ್ತೇನೋ, ಅವಳು ಆ ತಿಂಗಳುಗಳಲ್ಲಿ ನನ್ನೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ. ಅದು ಇರಲಿ, ಅದು ಬೇರೆ ವಿಷಯ.

ಅವತ್ತು ಅವರನ್ನು ಇನ್ನೆರಡು ಪ್ರಶ್ನೆ ಕೇಳಿದೆ. ಎರಡಕ್ಕೂ ಬಂದ ಉತ್ತರವನ್ನು ಹಾಗೆಯೇ ಒಪ್ಪಿಸುತ್ತೇನೆ.

"ಅಕ್ಕಾರ, ಇವೆಲ್ಲಾ ಸಣ್ಣ ಹುಡುಗರು ನೋಡೂದು ಅಂತಾರಲ್ರಿ?"

ಅವರು ಹಿಟ್ಟಿಗೆ ಕುದಿಯುವ ನೀರು ಹಾಕುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು: "ಸಣ್ಣವರಿಗಿ ಇದು ಏನ್ ತಿಳೀತದ್ರಿ? ಅಂಗಿ ಬಿಗಿಯಾದ್ರ ಅವ್ರಿಗಿ ಹೊಸಾದು ತರ್ತಾರ. ನಾವು ಅದನ್ನೇ ಹಾಕ್ಕೊಂಡು ಇರ್ಬೇಕು. ನಮಗಽ ಬೇಕ್ರಿ ಜಾಂಬಣ್ಣ."

ಇಷ್ಟು ವರ್ಷ ಕಂತು ಬರೆದವನಿಗೆ ಆ ಕಥೆ ಏನೆಂದು ಅವತ್ತು ಗೊತ್ತಾಯಿತು. ನಮ್ಮ ಕೆಲಸ, ನಮ್ಮ ಊರು, ನಮ್ಮ ಸಂಬಂಧ, ಯಾವುದು ನಮ್ಮ ಅಳತೆಗೆ ಹೊಲಿದದ್ದು? ಯಾರೋ ತಮ್ಮ ತೋಳಿನಿಂದ ಅಳೆದು ಕೊಟ್ಟದ್ದನ್ನು ಅಲ್ಲಿ ಬಿಚ್ಚಿ, ಇಲ್ಲಿ ತೇಪೆ ಹಾಕಿ ತೊಟ್ಟುಕೊಂಡಿದ್ದೇವೆ. ಬೆಳೆಯುತ್ತಿರುವವರಿಗೆ ಅದರಲ್ಲಿ ನಗು ಮಾತ್ರ ಕಾಣಬಹುದು. ಬೆಳೆದು ನಿಂತವರಿಗೆ ಹೊಲಿಗೆ ಕಾಣುತ್ತದೆ.

ಎರಡನೆಯದು: "ಸಂಕ್ರಮಣಕ್ಕ ಅಂವನ ಹೆಸರ ಯಾಕ ಹೇಳಿದ್ರಿ?"

ಹಿಟ್ಟನ್ನು ಹತ್ತಿರ ಎಳೆದುಕೊಂಡು ಹೇಳಿದರು: "ಎಂಟ ದಿನಾ ಕುಂತ ಕಟ್ಟಿದ್ದೆ ಅಣ್ಣಾರ ಅದನ್ನ. ಮೊದಲ ನಮ್ಮವರ ಹೆಸರಽ ಹಚ್ಚಿದ್ದೆ. ಅವರ ಹೆಸರ ಹೇಳಿದ್ರ ಎಲ್ಲಾರೂ ಮಾರಿ ಸಣ್ಣ ಮಾಡ್ಕೋತಾರ, ಹಬ್ಬದ ದಿನಾ ಯಾಕ ಅಂತ ಬಿಟ್ಟೆ. ದೇವರ ಹೆಸರ ಹೇಳಿದ್ರ ಯಾರೂ ನಗಂಗಿಲ್ಲ. ಒಂದೀಟ ನಗಲಿ ಅಂತ ಜಾಂಬಣ್ಣನ ಹಚ್ಚಿದ್ದೆ." ಹಿಟ್ಟು ನಾದುತ್ತ ಸೇರಿಸಿದರು: "ಒಂದೀಟಽ ನಗಲಿ ಅಂತ."

ನಮಗೆ ಮುಜುಗರವಾಗಬಾರದೆಂದು ಅವರು ಎಂಟು ದಿನ ಯೋಚಿಸಿದ್ದರು. ನಾನು ಎಂಟು ಸೆಕೆಂಡು ಯೋಚಿಸಿರಲಿಲ್ಲ. ಆಗಲೂ ನನ್ನ ಬಾಯಿಂದ ನಿಜ ಬರಲಿಲ್ಲ. ಐವತ್ತು ರೊಟ್ಟಿ ಕಟ್ಟಿಸಿಕೊಂಡು ಬಂದೆ. ಮೂರು ದಿನ ನಮ್ಮ ಮನೆಯಲ್ಲಿ ಹೊತ್ತು ಹೊತ್ತಿಗೂ ರೊಟ್ಟಿ. ಯಶ್ಮಿತಾ ಈಗಲೂ ಕೇಳುತ್ತಾಳೆ, ಯಾಕೆ ತಂದಿರಿ ಎಂದು.

ನೂರನೆಯ ಕಂತಿಗೆ ಸ್ಟುಡಿಯೋದವರು ನನ್ನನ್ನು ಕೇಳದೆ ಹೆಸರು ಹಾಕಿದರು, ಹರ್ಷದಾ ಅದನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು, ಮುಂದಿನದು ನಿಮಗೆ ಗೊತ್ತು. ಸನ್ಮಾನ ಎಂದಾಗ ನಾನು ಒಂದೇ ಷರತ್ತು ಇಟ್ಟೆ: ಶರಣಮ್ಮನವರನ್ನು ಕರೆಯಬೇಕು, ಅವರಿಗೆ ನನ್ನ ಹೆಸರು ಮಾತ್ರ ಮೊದಲೇ ಹೇಳಬಾರದು. ಹರ್ಷದಾ ಹೋಗಿ, "ಜಾಂಬಣ್ಣನ ಮಾತ ಬರಿಯಾವ್ರು ಬರ್ತಾರ, ನೀವೂ ಬರ್ಬೇಕು" ಎಂದರಂತೆ. "ಬರ್ತೀನ್ರಿ, ಅವಂಗ ನಾಕ ಮಾತ ಕೇಳೂದದ" ಎಂದರಂತೆ. ಅದಕ್ಕೇ ಪರಿಚಯ ಓದಿದಾಗ ಅವರು ಎದ್ದು ನಿಂತದ್ದು.

ಶರಣಮ್ಮನವರೇ, ನೀವು ಇನ್ನೂ ಇಲ್ಲಿದ್ದರೆ ಕೇಳಿ. ಇಲ್ಲದಿದ್ದರೆ ರೊಟ್ಟಿ ತರಲು ಹೋಗುವವರು ಯಾರಾದರೂ ಇದನ್ನು ಅವರಿಗೆ ಮುಟ್ಟಿಸಿ.

ನನ್ನ ಕೆಲಸ ನಡೆಯುವುದು ಹೀಗೆ. ಚಿತ್ರ ಮೊದಲೇ ತಯಾರಾಗಿ ಬರುತ್ತದೆ. ಕರಡಿಯ ಬಾಯಿ ಎಷ್ಟು ಸಲ ತೆರೆಯುತ್ತದೆ, ಎಲ್ಲಿ ತುಟಿ ಮುಚ್ಚುತ್ತದೆ ಎಂದು ಎಣಿಸಿ, ಅದಕ್ಕೆ ಕೂಡುವ ಮಾತು ಹಾಕಬೇಕು. ಈ ಭಾನುವಾರದ ಕಂತಿನಲ್ಲಿ ಮುಳ್ಳವ್ವ ಮತ್ತೆ ಬರುತ್ತಾಳೆ. ಹಿಂದಿಯ ಕರಡಿ ಅವಳಿಗೆ, ನಾಳೆ ಬಾ ಅಂಗಿ ತಯಾರಿರುತ್ತದೆ, ಎನ್ನುತ್ತದೆ. ಬಾಯಿ ಏಳು ಸಲ ತೆರೆಯುತ್ತದೆ, ಎರಡನೆಯದಕ್ಕೆ ತುಟಿ ಮುಚ್ಚುತ್ತದೆ. ಅಲ್ಲಿ ಯಾವ ಮಾತು ಕೂಡುತ್ತದೆಂದು ಒಂದು ವಾರ ಕುಳಿತೆ. ಕೊನೆಗೆ ಸಿಕ್ಕಿತು: 'ತಪ್ಪು ನನ್ನದೇ ತಾಯಿ.' ಎಣಿಸಿ ನೋಡಿ, ಏಳು. ಎರಡನೆಯದಕ್ಕೆ ತುಟಿ ಮುಚ್ಚುತ್ತದೆ. ಆರು ವರ್ಷದಲ್ಲಿ ನಾನು ಕರಡಿಗೆ ಕೊಟ್ಟ ಪ್ರಾಸವಿಲ್ಲದ ಮೊದಲ ಮಾತು ಇದು. ಗುರುವಾರ ಧ್ವನಿ ತುಂಬಿಸಿ ಮುಗಿಯಿತು.

ಆದರೆ ಕರಡಿಯ ಬಾಯಿಂದ ಹೇಳಿಸಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ಅದನ್ನೇ ಅಲ್ಲವೇ ಆರು ವರ್ಷ ಮಾಡಿದ್ದು? ಈ ಮೈಕಿನಿಂದ ನಗಿಸಿದ್ದೆ, ಈ ಮೈಕಿನಿಂದಲೇ ಹೇಳಬೇಕು. ಹೇಳಲು ನಾಚಿಕೆಯಾಗುವ ಹೆಸರನ್ನು ಹೇಗೆ ಹೇಳಬೇಕೆಂದು ನಮ್ಮ ಹೆಣ್ಣುಮಕ್ಕಳು ಕಲಿಸಿದ್ದಾರೆ. ಗಂಡಸರು ಈ ಸಭಾಂಗಣದಲ್ಲಿ ಇದುವರೆಗೆ ಒಡಪು ಹೇಳಿಲ್ಲ. ಒಂದು ಪ್ರಯತ್ನ ಮಾಡುತ್ತೇನೆ. ನಾನೂ ಎಂಟು ದಿನ ಕುಳಿತು ಕಟ್ಟಿದ್ದೇನೆ, ಅವರದರಷ್ಟು ಚೆನ್ನಾಗಿಲ್ಲ.

"ಸೂಜಿ ಕರಡೀದು, ದಾರ ಕರಡೀದು, ಚುಚ್ಚಿದ ಮಾತು ನಂದು;
ಸಭಾದಾಗ ನಗಿಸಿದ ತಪ್ಪಿಗೆ ಸಭಾದಾಗ ನಿಂತೇನಿ ಬಂದು;
ಆರು ವರ್ಷ ಕರಡಿ ಹಿಂದ ಅಡಗಿದ್ದೆ, ಸಾಕಿನ್ನ ಈ ಡ್ರಾಮಾ;
ಜಾಂಬಣ್ಣನ ನೋಡಿ ಬದುಕೋ ದೊಡ್ಡವರಾಗ ನಾನೂ ಒಬ್ಬ, ರಘುರಾಮ."

ಚಪ್ಪಾಳೆ ಬೇಡ. ದಯವಿಟ್ಟು. ವಿಡಿಯೋದವರೇ, ಆ ದೀಪವನ್ನು ಸ್ವಲ್ಪ ಆಚೆ ತಿರುಗಿಸುತ್ತೀರಾ? ಈ ಪಗಡಿಯನ್ನೂ ತೆಗೆದಿಡುತ್ತೇನೆ, ಅಧ್ಯಕ್ಷರು ಕ್ಷಮಿಸಬೇಕು. ಹಿಂದಿನ ಸಾಲು ಕಾಣಲಿ.

ಕಾಣುತ್ತಿದೆ. ಹಸಿರು ಸೀರೆ ಕಾಣುತ್ತಿದೆ. ಹೋಗಿಲ್ಲ, ಅಡುಗೆಮನೆಯ ಬಾಗಿಲ ಹತ್ತಿರ ನಿಂತೇ ಇದ್ದಾರೆ.

ಸಭಿಕರೇ, ಹಿಂದೆ ತಿರುಗಿ ನೋಡಿ, ನಾನೊಬ್ಬನೇ ನೋಡಿದರೆ ನಾಳೆ ನೀವು ನಂಬುವುದಿಲ್ಲ. ಶರಣಮ್ಮನವರು ಕೈ ಚಾಚಿದ್ದಾರೆ.

ಒಂದು ಕೈ.

ಒಂದೇ ಕೈ. ಇನ್ನೊಂದು ಸೊಂಟದ ಮೇಲೆ ಇದೆ, ಅಲ್ಲಿಂದ ಏಳುವ ಲಕ್ಷಣ ಕಾಣುವುದಿಲ್ಲ. ನೋಡದವರಿಗೆಂದು ಮೊದಲೇ ಹೇಳಿದ್ದೇನೆ, ಅದರ ಅರ್ಥ ನಿಮಗೆ ಗೊತ್ತು. ಅರ್ಧ ಸರಿಯಾಗಿದೆ. ಉಳಿದದ್ದನ್ನು ಬಿಚ್ಚಿ ಹೊಲಿಯಬೇಕು. ಆಗಲಿ ತಾಯಿ. ಭಾನುವಾರ ಹತ್ತು ಗಂಟೆಗೆ ನಿಮ್ಮ ಮನೆಗೆ ಬರುತ್ತೇನೆ, ಈ ಸಲ ರೊಟ್ಟಿಯ ನೆಪವಿಲ್ಲದೆ. ಮುಳ್ಳವ್ವ ಬಂದಾಗ ರಿಮೋಟ್ ನಿಮ್ಮ ಕೈಯಲ್ಲೇ ಇರಲಿ.

ಶಾಲನ್ನು ಅಲ್ಲಿಯವರೆಗೆ ಮಡಚಿ ಹರ್ಷದಾ ಅವರ ಹತ್ತಿರ ಇಡುತ್ತೇನೆ. ಮುಂದಿನ ಸಂಕ್ರಮಣಕ್ಕೆ ಮೈಕು ಎಲ್ಲರ ಮುಂದೆಯೂ ನಿಲ್ಲಲಿ, ನಿರೂಪಕನನ್ನು ಮಾತ್ರ ಬದಲಿಸಿ. ಇಷ್ಟು ಹೊತ್ತು ಉಪ್ಪಿಟ್ಟು ಆರುತ್ತಿದ್ದರೂ ಆರದ ತಾಳ್ಮೆಯಿಂದ ಕುಳಿತ ನಿಮಗೆ, ಮೊಮ್ಮಗನ ಗುಟ್ಟು ಒಡೆದರೂ ಕುರ್ಚಿ ಬಿಟ್ಟು ಏಳದ ಅಧ್ಯಕ್ಷರಿಗೆ, ಅರ್ಧ ಅಳತೆಯನ್ನಾದರೂ ಒಪ್ಪಿದ ಶರಣಮ್ಮನವರಿಗೆ ನನ್ನ ಧನ್ಯವಾದಗಳು.

ಎಲ್ಲರಿಗೂ ನಮಸ್ಕಾರ.